ಗೋಡೆಯಾಚೆಗೆ ಕೇಳಿಸಿದ ರೊಟ್ಟಿ

ಸಿದ್ದೇಶ್ವರಿ ರೊಟ್ಟಿ ಬಡಿಯುವ ಕಲ್ಲು ಅಡುಗೆಮನೆಯ ಮೂಲೆಯಲ್ಲಿ, ಪಕ್ಕದ ಮನೆಗೂ ಸೇರಿದ ಗೋಡೆಗೆ ಒತ್ತಿಕೊಂಡಂತೆ ಇತ್ತು. ಬೇರೆ ಜಾಗವಿರಲಿಲ್ಲ. ಅಮೆರಿಕದ ಮಾರಿಸ್‌ವಿಲ್ಲಿನಲ್ಲಿ ಆ ಟೌನ್‌ಹೌಸ್ ಕೊಳ್ಳುವಾಗ ಅವಳು ಸಾಲಿನ ಕೊನೆಯ ಮನೆಯೇ ಬೇಕೆಂದು ಆಸೆಪಟ್ಟಿದ್ದಳು. ಅದು ಅಷ್ಟರಲ್ಲಿ ಬೇರೆಯವರ ಪಾಲಾಗಿ, ಎರಡೂ ಕಡೆ ನೆರೆಯವರಿರುವ ನಡುವಿನ ಮನೆ ಇವರಿಗೆ ಬಂತು. ಗ್ರಾನೈಟ್ ಅಂಗಡಿಯವನು ಬೇಡವೆಂದು ಬಿಟ್ಟಿದ್ದ ಕರಿಕಲ್ಲಿನ ತುಂಡೊಂದನ್ನು ಗಂಡ ಬಸವಂತಪ್ಪ ಕಾರಿನಲ್ಲಿ ಹಾಕಿಕೊಂಡು ಬಂದು, ಕೌಂಟರಿನ ಮೇಲೆ ಇಟ್ಟು, "ತಗೋ, ಇದ ನಿನ್ನ ಆಫೀಸು" ಅಂದಿದ್ದ.

ಆ ಆಫೀಸು ಬೆಳಿಗ್ಗೆ ಎಂಟೂವರೆಗೆ ಶುರುವಾಗುತ್ತಿತ್ತು. ಇಷ್ಟಲಿಂಗ ಪೂಜೆ ಮುಗಿಸಿ, ಹಣೆಯ ಮೇಲೆ ವಿಭೂತಿ ಇರುವಾಗಲೇ ಅವಳು ಜೋಳದ ಹಿಟ್ಟಿಗೆ ಕುದಿನೀರು ಹೊಯ್ದು ನಾದುತ್ತಿದ್ದಳು. ಅಕ್ಕಪಕ್ಕದ ಊರುಗಳಾದ ಕ್ಯಾರಿ, ಏಪೆಕ್ಸ್ ಕಡೆಯ ನಮ್ಮ ಜನರ ಮನೆಗಳಿಂದ ಆರ್ಡರ್ ಬರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕಾರುಗಳು ಬಂದು, ಬಾಗಿಲ ಮುಂದಿನ ಮೇಜಿನ ಮೇಲಿಟ್ಟ ಕಟ್ಟುಗಳನ್ನು ಎತ್ತಿಕೊಂಡು ಹೋಗುತ್ತಿದ್ದವು. ಸೋಮವಾರ ಒಂದು ದಿನ ಮಾತ್ರ ಕಲ್ಲಿಗೆ ವಿರಾಮ.

ರೊಟ್ಟಿ ಕಲಿಸಿದ್ದು ಇಂಡಿ ತಾಲ್ಲೂಕಿನ ಊರಿನಲ್ಲಿದ್ದ ಅಜ್ಜಿ. ಕಲಿಯುವ ಮೊದಲೇ ಸಿದ್ದೇಶ್ವರಿಯ ಬಲಗೈ ಉಂಗುರಬೆರಳು ಊರಿನ ದೊಡ್ಡಮನೆಯ ಬಾಗಿಲಿಗೆ ಸಿಕ್ಕಿ ಮುರಿದಿತ್ತು. ಸರಿಯಾಗಿ ಕೂಡದೆ ಡೊಂಕಾಗಿಯೇ ಉಳಿಯಿತು. "ಬರ್ಮಾ ಸಾಗವಾನಿ ಬಾಗಲಾ ಅದು, ಸಣ್ಣ ಕಟ್ಟಿಗಿ ಅಲ್ಲವ್ವ" ಎಂದು ಅಜ್ಜಿ ಸಮಾಧಾನ ಹೇಳಿದ್ದಳು, ಬಾಗಿಲು ದೊಡ್ಡದಾದರೆ ನೋವು ಸಣ್ಣದಾಗುತ್ತದೇನೋ ಎಂಬಂತೆ. ಆ ಬೆರಳಿನಿಂದಾಗಿ ಅವಳ ಕೈ ಹಿಟ್ಟಿನ ಮೇಲೆ ಒಂದೇ ಸಮ ಬೀಳುತ್ತಿರಲಿಲ್ಲ. ಎರಡು ಏಟು ಗಟ್ಟಿ, ಮೂರನೆಯದು ಹಗುರ. ನಡುವೆ ರೊಟ್ಟಿ ತಿರುಗಿಸುವಾಗ ಒಂದು ಕ್ಷಣ ನಿಶ್ಶಬ್ದ. ಮತ್ತೆ ಎರಡು ಗಟ್ಟಿ, ಒಂದು ಹಗುರ. ಅವಳಿಗೆ ಇದೊಂದೂ ಗೊತ್ತಿರಲಿಲ್ಲ. ತನ್ನ ಕೈಯ ಸದ್ದನ್ನು ಕಿವಿಗೊಟ್ಟು ಕೇಳುವವರು ಯಾರು?

ಎರಡು ಸಾವಿರದ ಇಪ್ಪತ್ತೊಂದು, ಫೆಬ್ರವರಿಯ ಮೊದಲ ಮಂಗಳವಾರ. ಇನ್ನೂ ನಾಲ್ಕಾರು ರೊಟ್ಟಿ ಆಗಿತ್ತೋ ಇಲ್ಲವೋ, ಗೋಡೆಯ ಆ ಬದಿಯಿಂದ ಧಡ್ ಧಡ್ ಧಡ್ ಎಂದು ಪಾತ್ರೆ ಬಡಿಯುವ ಸದ್ದು ಬಂತು. ಸಿದ್ದೇಶ್ವರಿಯ ಕೈ ಹಿಟ್ಟಿನ ಮೇಲೆಯೇ ನಿಂತಿತು. ಸದ್ದು ಸ್ವಲ್ಪ ಹೊತ್ತು ನಡೆದು ನಿಂತುಹೋಯಿತು. ಬುಧವಾರವೂ ಅದೇ ಹೊತ್ತಿಗೆ ಅದೇ ಸದ್ದು. ಗುರುವಾರ ಇನ್ನೂ ಜೋರು.

"ಏನ್ರೀ, ಬಾಜೂ ಮನಿಯಾಕಿಗೆ ನನ್ನ ರೊಟ್ಟಿ ಸಪ್ಪಳ ಭಾಳ ತ್ರಾಸ ಆಗೇತಿ ಕಾಣತೈತಿ. ಸಿಟ್ಟಿಗೆದ್ದು ಗ್ವಾಡಿ ಬಡ್ಯಾಕತ್ಯಾಳ" ಅಂದಳು.

ಬಸವಂತಪ್ಪ ಔಷಧ ಕಂಪನಿಯೊಂದರಲ್ಲಿ ಎಂಜಿನಿಯರ್. ಕೊರೊನಾ ಬಂದ ಮೇಲೆ ಮಹಡಿಯ ಕೋಣೆಯೇ ಅವನ ಕಚೇರಿ. ಕಾಫಿಗೆ ಇಳಿದು ಬಂದವನು ನಕ್ಕ. "ಹೋದ ವರ್ಷ ನಮ್ಮ ದೇಶದಾಗ ಕೊರೊನಾಕ್ಕಂತ ಎಲ್ಲಾರೂ ತಾಟು ಬಡಿದ್ರಲ್ಲ, ಆ ಸುದ್ದಿ ಇಕಿಗೆ ಈಗ ಮುಟ್ಟಿರಬೇಕು ತಗೋ."

ಅವಳಿಗೆ ನಗು ಬರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅವರು ಕ್ಯಾರಿಯ ಒಂದು ಅಪಾರ್ಟ್‌ಮೆಂಟಿನಲ್ಲಿದ್ದರು. ದಿನಾ ಬೆಳಿಗ್ಗೆ ತಲೆಯ ಮೇಲೆ ಯಾರೋ ಏನೋ ಕುಟ್ಟುತ್ತಾರೆ ಎಂದು ಕೆಳಗಿನ ಮನೆಯವರು ದೂರು ಕೊಟ್ಟರು. ಮ್ಯಾನೇಜರ್ ಬಂದು ಅಡುಗೆಮನೆಯಲ್ಲಿ ನಿಂತು, ಹಿಟ್ಟನ್ನೂ ಅವಳ ಕೈಯನ್ನೂ ನೋಡಿ, ಏನೂ ಅರ್ಥವಾಗದೆ, ನಯವಾಗಿಯೇ "ನಿಲ್ಲಿಸಿ" ಅಂದಿದ್ದ. ಎರಡು ವರ್ಷ ಅವಳು ರೊಟ್ಟಿ ಬಡಿಯಲಿಲ್ಲ. ಲಟ್ಟಣಿಗೆಯಲ್ಲಿ ಒತ್ತಿದ್ದನ್ನು ಬಸವಂತಪ್ಪ ತಕರಾರಿಲ್ಲದೆ ತಿನ್ನುತ್ತಿದ್ದ. ಅವಳಿಗೇ ಅದು ರೊಟ್ಟಿ ಅನ್ನಿಸುತ್ತಿರಲಿಲ್ಲ.

ಮಗಳು ಪ್ರತಿಭಾ ಚಾಪೆಲ್ ಹಿಲ್‌ನ ಕಾಲೇಜಿನಲ್ಲಿ ಓದುತ್ತಿದ್ದವಳು ಆ ವರ್ಷ ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಕ್ಲಾಸು ಕೇಳುತ್ತಿದ್ದಳು. "ಅಮ್ಮಾ, ಜಸ್ಟ್ ಹೋಗಿ ಕೇಳು. ವಾಟ್ಸ್ ದಿ ಬಿಗ್ ಡೀಲ್?"

"ಏನಂತ ಕೇಳ್ಲಿ? ನನ್ನ ಮ್ಯಾಲ ಸಿಟ್ಟ ಬಂದೈತೇನ್ರಿ ಅಂತ ಕೇಳ್ಲಿ?"

ಕೇಳಲಿಲ್ಲ. ಶುಕ್ರವಾರ ಕಾರನ್ನು ಹೊರಗೆ ನಿಲ್ಲಿಸಲು ಹೇಳಿ, ಕಲ್ಲನ್ನು ಗರಾಜಿಗೆ ಸಾಗಿಸಿದಳು. ಹಂಚಿಗೆ ಕರೆಂಟಿನ ಸಣ್ಣ ಒಲೆ. ತಲೆಗೆ ಉಣ್ಣೆಯ ಟೋಪಿ. ಚಳಿಗೆ ಹಿಟ್ಟು ಬೇಗ ಬಿರುಸಾಗಿ ಅಂಚು ಸೀಳುತ್ತಿತ್ತು. ಪ್ರತಿಭಾ ಬಾಗಿಲು ತೆರೆದು ನೋಡಿ ಕಣ್ಣರಳಿಸಿದಳು. "ಅಮ್ಮಾ, ಇಟ್ಸ್ ಫ್ರೀಜಿಂಗ್! ನೀನು ಗರಾಜ್‌ನಲ್ಲಿ ಕುಕ್ ಮಾಡ್ತಿದೀಯಾ?"

"ಬಾಗಲಾ ಹಾಕು. ಗಾಳಿ ಬರ್ತೈತಿ."

ಹೀಗೆ ಭಾನುವಾರದವರೆಗೆ ನಡೆಯಿತು. ಸೋಮವಾರ ಹೇಗೂ ವಿರಾಮ. ಮಂಗಳವಾರ ಬೆಳಿಗ್ಗೆ ಅವಳು ಗರಾಜಿನಲ್ಲಿ ಹಿಟ್ಟು ನಾದುತ್ತಿರುವಾಗ ಬಾಗಿಲ ಗಂಟೆ ಸದ್ದಾಯಿತು. ಮಾಸ್ಕ್ ಹಾಕಿಕೊಂಡು, ಮೆಟ್ಟಿಲಿನಿಂದ ದೂರ ನಿಂತಿದ್ದವಳು ಪಕ್ಕದ ಮನೆಯವಳು. ಕೈಯಲ್ಲಿ ಒಂದು ಅಲ್ಯೂಮಿನಿಯಂ ಮುಚ್ಚಳ. ಅದರ ಮೈಯೆಲ್ಲ ತಗ್ಗು ಬಿದ್ದಿತ್ತು.

ಅವಳ ಹೆಸರು ಸಂದಾ. ಎರಡು ವರ್ಷದಿಂದ ಪಕ್ಕದಲ್ಲಿದ್ದರೂ ಸಿದ್ದೇಶ್ವರಿಗೆ ತಿಳಿದಿದ್ದದ್ದು ಇಷ್ಟೇ: ಗಂಡ ಟ್ರಕ್ ಓಡಿಸುತ್ತಾನೆ, ಮನೆಯಲ್ಲಿ ಇರುವುದೇ ಅಪರೂಪ. ಅವಳು ಮಧ್ಯಾಹ್ನದ ಮೇಲೆ ಸೂಪರ್‌ಮಾರ್ಕೆಟ್ಟಿನ ಸುಶಿ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ಸುಶಿ ಮಾಡುವುದರಿಂದ ಜಪಾನಿನವಳೇ ಇರಬೇಕೆಂದು ಸಿದ್ದೇಶ್ವರಿಯ ಎಣಿಕೆ. ಇಬ್ಬರದೂ ಅಷ್ಟಕ್ಕಷ್ಟೇ ಇಂಗ್ಲಿಷ್. ಕಂಡಾಗ ಕೈ ಎತ್ತುವುದಕ್ಕೆ ಅದು ಸಾಕಾಗಿತ್ತು.

ಸಿದ್ದೇಶ್ವರಿ ಮೊದಲೇ ಅಂದಳು, "ಸಾರಿ. ವೆರಿ ಸಾರಿ. ಈಗ ಸೌಂಡ್ ಇಲ್ಲ."

"ಅದನ್ನೇ ಕೇಳಲು ಬಂದೆ," ಅಂದಳು ಸಂದಾ. ಅವಳ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. "ಯಾಕೆ ನಿಲ್ಲಿಸಿದಿರಿ? ನಿಮಗೆ ಏನಾದರೂ ಆಯಿತಾ? ನನ್ನ ತಂಗಿ ದಿನಾ ಕೇಳುತ್ತಿದ್ದಾಳೆ."

ಸಿದ್ದೇಶ್ವರಿ ಮಗಳನ್ನು ಕರೆದಳು. ಪ್ರತಿಭಾ ಬಂದು ಬಾಗಿಲಿಗೆ ಒರಗಿ ನಿಂತು ಕೇಳಿ ಕೇಳಿ ಅಮ್ಮನಿಗೆ ಹೇಳತೊಡಗಿದಳು. ಸಂದಾ ಬರ್ಮಾದವಳು. ಹೋದ ವಾರದ ಸೋಮವಾರ ಬೆಳಗಾಗುವಷ್ಟರಲ್ಲಿ ಅಲ್ಲಿ ಸೈನ್ಯ ಸರಕಾರವನ್ನು ಕಿತ್ತು ತಾನೇ ಕೂತುಬಿಟ್ಟಿದೆ. ಮನೆಗೆ ಕೆಟ್ಟದ್ದು ಹೊಕ್ಕರೆ ಪಾತ್ರೆ ಬಡಿದು ಓಡಿಸುವುದು ಅವರಲ್ಲಿ ಹಿಂದಿನಿಂದಲೂ ಬಂದ ಪದ್ಧತಿ. ಈಗ ದೇಶಕ್ಕೇ ಕೆಟ್ಟದ್ದು ಹೊಕ್ಕಿದೆ ಎಂದು ಜನ ರಾತ್ರಿ ಎಂಟಕ್ಕೆ ಮನೆಮನೆಯಲ್ಲೂ ಪಾತ್ರೆ ಬಡಿಯುತ್ತಿದ್ದಾರೆ. ಅಲ್ಲಿ ರಾತ್ರಿ ಎಂಟಾದರೆ ಇಲ್ಲಿ ಬೆಳಿಗ್ಗೆ ಎಂಟೂವರೆ. ಯಾಂಗೂನ್‌ನಲ್ಲಿ ಸಂದಾಳ ತಾಯಿ ಇದ್ದಾಳೆ, ತಂಗಿ ಥೀರಿ ಇದ್ದಾಳೆ. ಥೀರಿ ಸರಕಾರಿ ಆಸ್ಪತ್ರೆಯ ನರ್ಸ್. ಸೈನ್ಯದ ಕೈಕೆಳಗೆ ಕೆಲಸ ಮಾಡುವುದಿಲ್ಲವೆಂದು ಎದೆಗೆ ಕೆಂಪು ರಿಬ್ಬನ್ ಸಿಕ್ಕಿಸಿಕೊಂಡು ಹೊರಗೆ ಬಂದಿದ್ದಾಳೆ. ದಿನಾ ಆ ಹೊತ್ತಿಗೆ ಫೋನ್ ಹಚ್ಚಿ ಅಲ್ಲಿ ಅವರು, ಇಲ್ಲಿ ಇವಳು ಒಟ್ಟಿಗೆ ಬಡಿಯುತ್ತಾರೆ.

"ನಾನು ಯಾವಾಗಲೂ ಆ ಹೊತ್ತಿಗೆ ಮಲಗಿರುತ್ತಿದ್ದೆ. ಮೊದಲ ದಿನ ನಾನು ಬಡಿಯಲು ನಿಂತಾಗ ಗೋಡೆಯ ಆ ಕಡೆಯಿಂದಲೂ ಸದ್ದು ಬರುತ್ತಿತ್ತು," ಅಂದಳು ಸಂದಾ. "ನನ್ನ ನೆರೆಯವಳು, ಇಂಡಿಯಾದವಳು, ನಮ್ಮ ಜೊತೆ ಬಡಿಯುತ್ತಿದ್ದಾಳೆ ಅಂತ ಥೀರಿಗೆ ಹೇಳಿದೆ. ಅವಳು ಅದನ್ನು ಬೀದಿಗೆಲ್ಲ ಹೇಳಿಕೊಂಡು ಬಂದಳು."

ಪ್ರತಿಭಾ ಇದನ್ನು ಹೇಳಿ ಮುಗಿಸಿ ಅಮ್ಮನ ಮುಖ ನೋಡಿದಳು. ಸಿದ್ದೇಶ್ವರಿ ಹೌದೆಂದುಬಿಡಬಹುದಿತ್ತು. ಎದುರಿಗೆ ನಿಂತವಳ ಕಣ್ಣು ಅದನ್ನೇ ಬೇಡುತ್ತಿತ್ತು. ಆದರೆ ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು ಬೆಳ್ಳಂಬೆಳಿಗ್ಗೆ ಸುಳ್ಳು ಹೇಳುವುದು ಹೇಗೆ? ಸಂದಾಳನ್ನು ಗರಾಜಿನ ಬಳಿಗೆ ಕರೆದು, ಕಲ್ಲು ತೋರಿಸಿ, ಒಂದು ಮುಟಿಗೆ ಹಿಟ್ಟು ತೆಗೆದುಕೊಂಡು ಬಡಿದಳು. ಅಂಗೈಯಗಲದ ಉಂಡೆ ನೋಡುನೋಡುತ್ತ ಮೊರದಗಲ ಆಯಿತು.

"ನಾನು ರೊಟ್ಟಿ ಬಡಿಯುತ್ತಿದ್ದೆ," ಅಂದಳು. "ನಿಮಗೆ ನನ್ನ ಮೇಲೆ ಸಿಟ್ಟು ಅಂದುಕೊಂಡೆ. ಅದಕ್ಕೇ ಇಲ್ಲಿ ಬಂದೆ."

ಸಂದಾ ರೊಟ್ಟಿಯನ್ನು ನೋಡಿದಳು. ಉಣ್ಣೆಯ ಟೋಪಿಯನ್ನು ನೋಡಿದಳು. ಆಮೇಲೆ ಮುಚ್ಚಳವನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು ನಗತೊಡಗಿದಳು. ಮಾಸ್ಕ್ ಒದ್ದೆಯಾಗುವಷ್ಟು ನಕ್ಕಳು. ಒಂದು ವಾರದಿಂದ ನಗದೇ ಇದ್ದವಳ ನಗು ಅದು. ಸಿದ್ದೇಶ್ವರಿಯೂ ನಕ್ಕಳು. ಮೇಲಿನಿಂದ ಬಸವಂತಪ್ಪ, "ಇಲ್ಲಿ ಮೀಟಿಂಗ್ ನಡದೈತ್ರೆವ್ವಾ!" ಎಂದು ಕೂಗಿದ.

ಹೋಗುವಾಗ ಸಂದಾ ಹೇಳಿದಳು, "ರೊಟ್ಟಿಯೇ ಇರಲಿ. ನಾಳೆ ಬಡಿಯಿರಿ. ಥೀರಿಗೆ ನಾನು ನಿಜ ಹೇಳುತ್ತೇನೆ. ಅವಳಿಗೂ ನಗಬೇಕಾಗಿದೆ."

ಕಲ್ಲು ಮತ್ತೆ ಅಡುಗೆಮನೆಗೆ ಬಂತು.

ಆಮೇಲಿನ ದಿನಗಳಲ್ಲಿ ಬೆಳಿಗ್ಗೆ ಎಂಟೂವರೆಗೆ ಗೋಡೆಯ ಎರಡೂ ಬದಿಗೆ ಕೆಲಸ ಶುರುವಾಗುತ್ತಿತ್ತು. ಕೆಲವು ದಿನ ಸಂದಾ ಫೋನು ಹಿಡಿದು ಇವರ ಅಡುಗೆಮನೆಗೇ ಬಂದುಬಿಡುತ್ತಿದ್ದಳು. ಕಿಟಕಿ ತೆರೆದು, ಮಾಸ್ಕ್ ಹಾಕಿ, ಇಬ್ಬರೂ ಎರಡು ತುದಿಗೆ. ಫೋನಿನೊಳಗಿನಿಂದ ಒಂದು ಇಡೀ ಊರಿನ ಗದ್ದಲ ಬರುತ್ತಿತ್ತು. ನಡುವೆ ಮುದುಕಿಯೊಬ್ಬಳ ತಾಳತಪ್ಪಿದ ಬಡಿತ. ಅದು ಸಂದಾಳ ತಾಯಿಯದು. ಗದ್ದಲ ಇಳಿದ ಮೇಲೆ ಥೀರಿಯ ಮುಖ ಕಾಣುತ್ತಿತ್ತು. ಮೂವತ್ತರ ಆಸುಪಾಸಿನವಳು, ನಕ್ಕರೆ ಮುಂದಿನ ಹಲ್ಲಿನ ಸಂದು ಕಾಣುವವಳು. ಆಸ್ಪತ್ರೆಯಲ್ಲಿ ಕಲಿತ ಅವಳ ಇಂಗ್ಲಿಷ್ ಅಕ್ಕನದಕ್ಕಿಂತ ಚೆನ್ನಾಗಿತ್ತು.

"ಆಂಟಿ, ನಿಮ್ಮ ಡ್ರಮ್ ಶುರು ಮಾಡಿ," ಅನ್ನುತ್ತಿದ್ದಳು.

ಸಿದ್ದೇಶ್ವರಿ ಬಡಿಯುತ್ತಿದ್ದಳು. ಥೀರಿ ಕಿವಿಗೊಟ್ಟು ಕೇಳಿ, ಸೌಟಿನಿಂದ ಮುಚ್ಚಳದ ಮೇಲೆ ಅದನ್ನೇ ನುಡಿಸಲು ನೋಡುತ್ತಿದ್ದಳು. ತಪ್ಪಿದರೆ ಮತ್ತೆ ಮೊದಲಿನಿಂದ. "ನಡುವೆ ಯಾಕೆ ನಿಲ್ಲಿಸುತ್ತೀರಿ?" ಎಂದು ಒಮ್ಮೆ ಕೇಳಿದಳು.

"ಆಗ ರೊಟ್ಟಿ ತಿರುಗಿಸುತ್ತೇನೆ. ತಿರುಗಿಸದಿದ್ದರೆ ಒಂದೇ ಕಡೆ ತೆಳ್ಳಗಾಗಿ ಹರಿಯುತ್ತದೆ."

"ಸರಿ, ನಾನೂ ತಿರುಗಿಸುತ್ತೇನೆ," ಎಂದು ಥೀರಿ ಖಾಲಿ ಮುಚ್ಚಳವನ್ನು ಗಂಭೀರವಾಗಿ ತಿರುಗಿಸಿ ತೋರಿಸಿದಳು. ಸೋಮವಾರ ಬಂದರೆ, "ಇವತ್ತು ಆಂಟಿಗೆ ಸ್ಟ್ರೈಕ್" ಎಂದು ರೇಗಿಸುತ್ತಿದ್ದಳು. ಅಮೆರಿಕಕ್ಕೆ ಬಂದಾಗ ಕಲಿಸಬೇಕು ಎಂದು ಮಾತು ತೆಗೆದುಕೊಂಡಳು. ಸಿದ್ದೇಶ್ವರಿ ಬೆರಳಿನ ಕತೆ ಹೇಳಿದ ದಿನ ಅಕ್ಕ ತಂಗಿ ಇಬ್ಬರೂ ಕ್ಷಮೆ ಕೇಳಿದರು. "ನಮ್ಮ ಕಟ್ಟಿಗೆ ನಿಮ್ಮ ಬೆರಳು ತೆಗೆದುಕೊಂಡಿತಲ್ಲ!"

ಸಂದಾ ಅವಳನ್ನು 'ಅಮಾ' ಎಂದು ಕರೆಯತೊಡಗಿದಳು. ಅವರಲ್ಲಿ ಅಕ್ಕನನ್ನು ಹಾಗೆ ಕರೆಯುತ್ತಾರಂತೆ. ಪ್ರತಿಭಾಳಿಗೆ ಇದು ಬಲು ತಮಾಷೆ. "ಗ್ರೇಟ್, ಈಗ ನಂಗೆ ಫಾರ್ಟಿ ಇಯರ್ಸ್ ಓಲ್ಡ್ ತಂಗಿ."

ಮಾರ್ಚಿನಲ್ಲಿ ಇಲ್ಲಿ ಗಡಿಯಾರ ಒಂದು ತಾಸು ಮುಂದೆ ಇಟ್ಟರು. ಅಲ್ಲಿಯ ಎಂಟು ಗಂಟೆ ಇಲ್ಲಿ ಒಂಬತ್ತೂವರೆಗೆ ಹೋಯಿತು. ಸಿದ್ದೇಶ್ವರಿಯ ಆಫೀಸೂ ಒಂಬತ್ತೂವರೆಗೆ ಹೋಯಿತು. ರೊಟ್ಟಿ ತಡವಾಯಿತೆಂದು ಗೊಣಗಿದವರಿಗೆ, "ಟೈಮ್ ಚೇಂಜ್ ಆಗೇತ್ರಿ" ಎಂದಷ್ಟೇ ಹೇಳಿದಳು. ಅದೇ ವಾರ ಅಲ್ಲಿ ಮೊಬೈಲಿನ ಇಂಟರ್‌ನೆಟ್ಟನ್ನು ಪೂರ್ತಿ ಕಡಿದುಹಾಕಿದರು. ಥೀರಿಯ ಮುಖ ಕಾಣುವುದು ನಿಂತು ಬರೀ ದನಿ ಉಳಿಯಿತು, ಅದೂ ಹರಿದ ಅರಿವೆಯಂತೆ ತುಂಡುತುಂಡಾಗಿ. ಬೀದಿಯಲ್ಲಿ ಗುಂಡು ಹಾರುತ್ತಿದ್ದ ಸುದ್ದಿ ಟೀವಿಯಲ್ಲೂ ಬರತೊಡಗಿತು.

ಆ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ ಸಂದಾ ಫೋನಿಲ್ಲದೆ, ಮುಚ್ಚಳವಿಲ್ಲದೆ ಬಂದು ಅಡುಗೆಮನೆಯಲ್ಲಿ ನಿಂತಳು. ಸ್ಟ್ರೈಕಿಗೆ ಹೋದ ನರ್ಸುಗಳನ್ನು ಹುಡುಕಿಕೊಂಡು ಸೈನಿಕರು ಅವರ ಓಣಿಗೆ ಬಂದಿದ್ದರು. ಅವರು ಬರುವ ಮೊದಲೇ ಥೀರಿ ಜೊತೆಯ ಇಬ್ಬರೊಂದಿಗೆ ಮನೆ ಬಿಟ್ಟಿದ್ದಳು. ಫೋನನ್ನು ಮನೆಯಲ್ಲೇ ಬಿಟ್ಟು ಹೋಗಿದ್ದಳು. ತಾಯಿಯನ್ನು ಸೋದರಮಾವ ತನ್ನ ಹಳ್ಳಿಗೆ ಕರೆದುಕೊಂಡು ಹೋಗಿದ್ದ. ಥೀರಿ ಎಲ್ಲಿಗೆ ಹೋದಳೆಂದು ಅವರಾರಿಗೂ ತಿಳಿಯದು.

"ಇದ್ದಾಳೋ ಇಲ್ಲವೋ ಅಂತ ಕೇಳುವುದಕ್ಕೂ ಯಾರೂ ಇಲ್ಲ, ಅಮಾ."

ಸಿದ್ದೇಶ್ವರಿ ಕುರ್ಚಿ ಎಳೆದು ಕೂರಿಸಿದಳು. ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಮುಂದಿಟ್ಟಳು. ಸಂದಾ ಒಂದು ತುಂಡು ಮುರಿದು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಅಗಿದಳು.

ಮಾರನೆಯ ಬೆಳಿಗ್ಗೆಯಿಂದ ಪೂಜೆಯ ಕೊನೆಯಲ್ಲಿ ಒಂದು ಹೆಸರು ಹೆಚ್ಚಾಯಿತು. ಗಂಡ, ಮಗಳು, ತವರಿನವರು, ಆಮೇಲೆ ಥೀರಿ. ಅಂಗೈಯಲ್ಲಿನ ಲಿಂಗವನ್ನು ನೋಡುತ್ತ ಅವಳು ಹೆಚ್ಚೇನೂ ಕೇಳುತ್ತಿರಲಿಲ್ಲ. ಎಲ್ಲಿದ್ದರೂ ಅವಳಿಗೆ ಹೊಟ್ಟೆಗಿರಲಿ, ಕಾಲಿಗೆ ದಾರಿ ಸಿಗಲಿ. ಅಷ್ಟೇ.

ಏಪ್ರಿಲ್‌ನಲ್ಲಿ ಯುಗಾದಿ ಬಂತು. ಅದೇ ವಾರ ಸಂದಾಳಿಗೂ ಹೊಸ ವರ್ಷ. ಅವರ ಹಬ್ಬವೆಂದರೆ ಒಬ್ಬರ ಮೇಲೊಬ್ಬರು ನೀರು ಎರಚುವುದು. ಆ ವರ್ಷ ಅಲ್ಲಿ ಯಾರೂ ನೀರಾಡಲಿಲ್ಲ, ಬೀದಿಯಲ್ಲಿ ಮಡಕೆಗೆ ಹೂವಿಟ್ಟು ಸುಮ್ಮನಾದರು. ಸಂದಾಳೂ ಬಾಗಿಲ ಮುಂದೆ ಒಂದು ಕುಂಡದಲ್ಲಿ ಹೂವಿಟ್ಟಳು. ಸಿದ್ದೇಶ್ವರಿ ಬೇವು ಬೆಲ್ಲ ಒಯ್ದು ಕೊಟ್ಟಾಗ ಬಾಯಿಗೆ ಹಾಕಿಕೊಂಡು ಮುಖ ಕಿವುಚಿ, "ಇದನ್ನು ಹಬ್ಬಕ್ಕೆ ಯಾಕೆ ತಿನ್ನುತ್ತೀರಿ?" ಅಂದಳು. "ವರ್ಷ ಹೀಗೇ ಇರುತ್ತದೆ ಅಂತ," ಅಂದಳು ಸಿದ್ದೇಶ್ವರಿ. ಬೆಲ್ಲದ ಚೂರೊಂದನ್ನು ಹೆಚ್ಚಾಗಿ ಅವಳ ಅಂಗೈಗೆ ಹಾಕಿದಳು.

ಬೇಸಿಗೆಯಲ್ಲಿ ಸಂದಾಳ ಹಿತ್ತಲ ಕುಂಡಗಳಲ್ಲಿ ಕೆಂಪು ದಂಟಿನ ಸೊಪ್ಪು ಎದ್ದು ನಿಂತಿತು. ಅದನ್ನು ನೋಡಿ ಸಿದ್ದೇಶ್ವರಿ, "ಅಯ್ಯ! ಪುಂಡಿಪಲ್ಲೆ!" ಎಂದು ಕೂಗಿಯೇಬಿಟ್ಟಳು. ಅವರಲ್ಲೂ ಅದು ಮನೆಮನೆಯ ಹುಳಿಸೊಪ್ಪು. ಥೀರಿಗೆ ಬಲು ಇಷ್ಟವಂತೆ. ಆ ದಿನ ರೊಟ್ಟಿ, ಪುಂಡಿಪಲ್ಲೆ ಎರಡೂ ಗೋಡೆ ದಾಟಿ ಓಡಾಡಿದವು.

ಜುಲೈ ಹೊತ್ತಿಗೆ ಆ ದೇಶಕ್ಕೆ ರೋಗದ ದೊಡ್ಡ ಅಲೆ ಬಂತು. ಆಮ್ಲಜನಕದ ಸಿಲಿಂಡರ್ ಹೊತ್ತು ಜನ ಸಾಲುಗಟ್ಟಿ ನಿಂತ ಚಿತ್ರಗಳನ್ನು ಸಂದಾ ನೋಡಿದಳು. ಸಾಲಿನಲ್ಲಿ ತಂಗಿಯ ಮುಖವಿದೆಯೋ ಎಂದು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದಳು. ಒಂದು ಬೆಳಿಗ್ಗೆ ಒಂಬತ್ತೂವರೆಗೆ ಗೋಡೆಯಾಚೆ ಸದ್ದಾಗಲಿಲ್ಲ. ಮರುದಿನವೂ ಇಲ್ಲ.

ಸಿದ್ದೇಶ್ವರಿ ಹೋಗಿ ಕೇಳಿದಳು. ಈ ಸಲ ಅವಳ ಸರದಿ. "ಯಾಕೆ ನಿಲ್ಲಿಸಿದಿ?"

"ಅಲ್ಲಿಯೇ ಈಗ ಹೆಚ್ಚು ಜನ ಬಡಿಯುತ್ತಿಲ್ಲ ಅಮಾ. ಸದ್ದು ಬಂದ ಮನೆಗೆ ಸೈನಿಕರು ಕಲ್ಲು ತೂರುತ್ತಾರೆ, ಒಳಗೆ ನುಗ್ಗುತ್ತಾರೆ. ನಾನು ಇಲ್ಲಿ ಯಾರಿಗೆ ಕೇಳಲಿ ಅಂತ ಬಡಿಯಲಿ?"

ಸಿದ್ದೇಶ್ವರಿ ಅವಳ ತೋಳು ಒತ್ತಿ ಮನೆಗೆ ಬಂದಳು. ಮುಂದಿನ ಸೋಮವಾರ ಬಸವಂತಪ್ಪ ಕಾಫಿಗೆ ಇಳಿದು ಬಂದಾಗ ಅವಳು ಹಿಟ್ಟು ನಾದುತ್ತಿದ್ದಳು.

"ಇವತ್ತ ಸೋಮವಾರ ಅಲ್ಲೇನು?"

"ಹೌದ್ರಿ. ಬಡಿಯೂದು ಒಂದ ದಿನಾನೂ ನಿಲ್ಲಬಾರದು ಅನಿಸ್ತು. ಗ್ವಾಡಿ ಆ ಕಡೆ ಒಬ್ಬಾಕಿ ಸುಮ್ಮ ಕುಂತಾಳಲ್ಲ."

ಸೋಮವಾರದ ರೊಟ್ಟಿಗೆ ಆರ್ಡರ್ ಇರಲಿಲ್ಲ. ಬೇಯಿಸಿದ್ದನ್ನೆಲ್ಲ ಸಂದಾಳ ಬಾಗಿಲಿಗೂ ಹತ್ತಿರದ ಗುಡಿಯ ಅಡುಗೆಮನೆಗೂ ಬಸವಂತಪ್ಪನೇ ಮುಟ್ಟಿಸಿ ಬಂದ.

ಅಕ್ಟೋಬರಿನ ಒಂದು ಶನಿವಾರ. ಎಲೆಗಳು ಬಣ್ಣಕ್ಕೆ ತಿರುಗಿದ್ದವು. ಆರ್ಡರಿನ ರೊಟ್ಟಿ ಬೇಗ ಮುಗಿದಿತ್ತು. ಹಂಚು ಇಳಿಸಿ, ಕಲ್ಲು ಒರೆಸಿ, ಸಿದ್ದೇಶ್ವರಿ ಕೈ ತೊಳೆಯುತ್ತಿರುವಾಗ ಸಂದಾ ಬಂದಳು.

ಗೊತ್ತಿಲ್ಲದ ನಂಬರಿನಿಂದ ಅವಳ ಫೋನಿಗೆ ಒಂದು ರೆಕಾರ್ಡಿಂಗ್ ಬಂದಿತ್ತು. ಮಾತಿಲ್ಲ, ಹೆಸರಿಲ್ಲ. ಬರೀ ಏನೋ ಬಡಿಯುವ ಸದ್ದು. ಅವಳ ದೇಶದವರು ಒಬ್ಬರಿಗೊಬ್ಬರು ಎಚ್ಚರಿಕೆ ಹೇಳಿಕೊಂಡಿದ್ದರು: ಸೆರೆಸಿಕ್ಕವರ ಫೋನಿನಿಂದ ಸೈನಿಕರೇ ಸಂದೇಶ ಕಳಿಸುತ್ತಾರೆ, ಉತ್ತರ ಕೊಟ್ಟರೆ ಊರಲ್ಲಿದ್ದವರಿಗೆ ಆಪತ್ತು, ಗೊತ್ತಿಲ್ಲದ್ದು ಬಂದರೆ ಅಳಿಸಿಬಿಡಿ.

"ಯಾರನ್ನೋ ಹೊಡೆಯುತ್ತಿರುವ ಸದ್ದು ಅಮಾ ಇದು. ನನ್ನನ್ನು ಹೆದರಿಸಲು ಕಳಿಸಿದ್ದಾರೆ. ಅಳಿಸಲೂ ಧೈರ್ಯವಿಲ್ಲ. ನೀವು ಕೇಳಿ ಹೇಳಿ. ನೀವು ಅಳಿಸು ಅಂದರೆ ಅಳಿಸುತ್ತೇನೆ."

ಫೋನನ್ನು ಕೌಂಟರಿನ ಮೇಲಿಟ್ಟು ಒತ್ತಿದಳು. ಸದ್ದು ಬಂತು. ಸಿದ್ದೇಶ್ವರಿ ಬಗ್ಗಿ ಕೇಳಿದಳು. ಲೋಹದ ಮೇಲೆ ಏನೋ ಬೀಳುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬೀಳುತ್ತಿತ್ತು. ಅವಳಿಗೂ ಏನೂ ತಿಳಿಯಲಿಲ್ಲ.

"ಇನ್ನೊಮ್ಮೆ ಹಚ್ಚು. ಜೋರಾಗಿ."

ಸಂದಾ ದನಿ ಏರಿಸಿದಳು. ಆಗ ಮಹಡಿಯ ಕೋಣೆಯಿಂದ ಬಸವಂತಪ್ಪ ಕೂಗಿದ, "ಏ ಸಿದ್ದೂ! ಹಂಚು ಇಳಿಸೀನಿ ಅಂದಿ, ಮತ್ತ್ಯಾಕ ರೊಟ್ಟಿ ಬಡ್ಯಾಕತ್ತಿ? ಯಾರದರೆ ಆರ್ಡರ್ ಬಂತೇನು?"

ಸಿದ್ದೇಶ್ವರಿ ತನ್ನ ಎರಡು ಕೈಗಳನ್ನು ನೋಡಿಕೊಂಡಳು. ಒಂದರಲ್ಲಿ ಒರೆಸುವ ಅರಿವೆ ಇತ್ತು. ಇನ್ನೊಂದು ಖಾಲಿ. ಕಲ್ಲಿನ ಮೇಲೆ ಹಿಟ್ಟಿನ ಪುಡಿಯೂ ಇರಲಿಲ್ಲ.

"ರೀ, ಲಗೂನ ಕೆಳಗ ಬರ್ರಿ!"

ಅವನು ಗಾಬರಿಯಾಗಿ ಇಳಿದು ಬಂದ.

"ನಾ ಬಡ್ಯಾಕತ್ತಿಲ್ಲ. ಇದು ಫೋನು. ನಿಮಗ ಹ್ಯಾಂಗ ಅದು ರೊಟ್ಟಿ ಅನಸ್ತು?"

"ಹ್ಯಾಂಗಂದ್ರ? ಇಪ್ಪತ್ತು ವರ್ಷದ ಮ್ಯಾಲಾತು ಕೇಳಾಕತ್ತು. ಎರಡ ಗಟ್ಟಿ, ಒಂದ ಹಗೂರ. ಆ ನಿನ್ನ ಡೊಂಕ ಬಟ್ಟಿಂದು. ಆಮ್ಯಾಲ ಸುಮ್ಮ ಆಗ್ತಿ, ತಿರುವತಿ, ಮತ್ತ ಎರಡ ಗಟ್ಟಿ, ಒಂದ ಹಗೂರ. ಜಗತ್ತಿನಾಗ ಬ್ಯಾರೆ ಯಾರೂ ಹಂಗ ಬಡಿಯಂಗಿಲ್ಲ." ಮತ್ತೊಮ್ಮೆ ಕೇಳಿ ಹುಬ್ಬು ಗಂಟಿಕ್ಕಿದ. "ಖರೆ ಅಂದ್ರ ನೀನೂ ಇಷ್ಟ ಸ್ವಚ್ಛ ಬಡಿಯಂಗಿಲ್ಲ. ಯಾರೋ ನಿನ್ನ ಕೈ ಕಲತಾರ."

ಸಿದ್ದೇಶ್ವರಿ ಸಂದಾಳತ್ತ ತಿರುಗಿದಳು. ಗಂಡ ಹೇಳಿದ್ದನ್ನು ತನ್ನ ಇಂಗ್ಲಿಷಿನಲ್ಲಿ ಹೇಳುತ್ತಿದ್ದಂತೆ ಸಂದಾ ಕುರ್ಚಿ ಎಳೆದುಕೊಂಡು ಕೂತಳು. ತಂಗಿ ಸೌಟು ಹಿಡಿದು ಖಾಲಿ ಮುಚ್ಚಳ ತಿರುಗಿಸುತ್ತಿದ್ದದ್ದು ಇಬ್ಬರಿಗೂ ಒಟ್ಟಿಗೇ ನೆನಪಾಯಿತು.

"ಉತ್ತರ ಕೊಡೋದು ಹೇಗೆ?" ಅಂದಳು ಸಂದಾ. "ಅವಳ ಹೆಸರು ಬರೆಯಬಾರದು. ನನ್ನ ಹೆಸರೂ ಬರೆಯಬಾರದು."

ಪ್ರತಿಭಾ ಆಗಲೇ ತನ್ನ ಕೋಣೆಯಿಂದ ಬಂದು ನಿಂತಿದ್ದಳು. "ಅಮ್ಮಾ, ನೀನು ರೊಟ್ಟಿ ಮಾಡು. ಐ ವಿಲ್ ರೆಕಾರ್ಡ್."

ನೀರು ಕುದಿಯಿತು. ಸಿದ್ದೇಶ್ವರಿ ಹಿಟ್ಟಿಗೆ ನೀರು ಹೊಯ್ದು, ಕೈ ಸುಟ್ಟರೂ ತಡೆಯದೆ ನಾದಿ, ಮುಟಿಗೆ ಕಟ್ಟಿ ಕಲ್ಲಿನ ಮೇಲಿಟ್ಟಳು. ಎಷ್ಟೋ ವರ್ಷದ ಕೆಲಸ, ಆದರೂ ಕೈ ಅಂದು ಹೊಸದಾಗಿ ಕಲಿತವರ ಕೈಯಂತೆ ಆತುರ ಪಟ್ಟಿತು. ಅರ್ಧ ಆಗುವಷ್ಟರಲ್ಲಿ ಒಂದು ಕಡೆ ತೆಳ್ಳಗಾಗಿ ಹಿಟ್ಟು ಚರಕ್ಕನೆ ಹರಿಯಿತು. ಅವಳು ನಿಂತುಬಿಟ್ಟಳು.

"ಇಟ್ಸ್ ಓಕೆ, ಕಳಿಸ್ತೀನಿ," ಎಂದು ಪ್ರತಿಭಾ ಅಷ್ಟನ್ನೇ ಕಳಿಸಿದಳು.

ನಾಲ್ವರೂ ಫೋನನ್ನು ನೋಡುತ್ತ ನಿಂತರು. ಸಿದ್ದೇಶ್ವರಿಯ ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ಪರದೆ ಕತ್ತಲಾಯಿತು. ಬಸವಂತಪ್ಪ ಎಲ್ಲರಿಗೂ ಕಾಫಿ ಮಾಡಲು ಹೋಗಿ ಸಕ್ಕರೆ ಹಾಕುವುದನ್ನು ಮರೆತ. ಆ ಕಾಫಿ ಆರುವ ಮೊದಲೇ ಫೋನು ಹೊಡೆದುಕೊಂಡಿತು.

ಸಂದಾ ಎತ್ತಿದಳು. ಆ ಕಡೆಯಿಂದ ಒಂದೇ ಒಂದು ಮಾತು ಬಂತು, ಅವರ ಭಾಷೆಯಲ್ಲಿ. ಅದರ ಅರ್ಥ ಇವರಾರಿಗೂ ಬೇಕಾಗಲಿಲ್ಲ. ಅಕ್ಕ ತಂಗಿ ಒಟ್ಟಿಗೇ ಅತ್ತರು, ಒಟ್ಟಿಗೇ ಮಾತಾಡಿದರು, ಒಬ್ಬರದು ಇನ್ನೊಬ್ಬರಿಗೆ ಕೇಳಿಸದಷ್ಟು. ಸಂದಾ ನಡುನಡುವೆ ಇವರತ್ತ ತಿರುಗಿ ಸುದ್ದಿ ಕೊಡುತ್ತಿದ್ದಳು. ಕಾಡುದಾರಿ ನಡೆದಿದ್ದಾಳೆ. ಮಧ್ಯೆ ಜ್ವರ ಬಂದು ಒಂದು ಹಳ್ಳಿಯಲ್ಲಿ ಉಳಿದಿದ್ದಾಳೆ. ಗಡಿ ದಾಟಿ ಥಾಯ್ಲೆಂಡಿನ ಊರೊಂದರಲ್ಲಿದ್ದಾಳೆ. ಅಲ್ಲಿ ನಿರಾಶ್ರಿತರ ಕ್ಲಿನಿಕ್ಕಿನಲ್ಲಿ ಮತ್ತೆ ನರ್ಸಾಗಿದ್ದಾಳೆ. ನಿನ್ನೆ ಒಂದು ಹೆರಿಗೆ ಮಾಡಿಸಿದ್ದಾಳೆ!

"ನಿನ್ನ ದನಿಯನ್ನಾದರೂ ಕಳಿಸಬಾರದಿತ್ತೇ? ಜೀವ ಹೋಗಿತ್ತು ನನ್ನದು," ಎಂದು ಸಂದಾ ಬೈದಳು, ಇವರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ.

ಥೀರಿಯ ಉತ್ತರ ಎಲ್ಲರಿಗೂ ಕೇಳಿಸಿತು. "ಅದು ಯಾರ ಕೈಗೆ ಸೇರುತ್ತದೋ ಗೊತ್ತಿರಲಿಲ್ಲ. ನನ್ನ ದನಿ ಗುರುತಿಸುವವರು ಅವರಲ್ಲೂ ಇರಬಹುದು. ಆಂಟಿಯ ರೊಟ್ಟಿ ಗುರುತಿಸುವವರು ಅವರಲ್ಲಿ ಯಾರಿದ್ದಾರೆ?"

ಬಸವಂತಪ್ಪ ಕಣ್ಣೊರೆಸಿಕೊಂಡು, ಯಾರೂ ನೋಡಲಿಲ್ಲವಷ್ಟೇ ಎಂದು ಕಾಫಿ ಲೋಟಗಳನ್ನು ಎತ್ತಿಡತೊಡಗಿದ.

"ಆಂಟಿ ಇದ್ದಾರಾ?"

ಸಂದಾ ಫೋನನ್ನು ಸಿದ್ದೇಶ್ವರಿಯ ಮುಂದೆ ಹಿಡಿದಳು. ಪರದೆಯಲ್ಲಿ ಥೀರಿ ಇದ್ದಳು. ಇಳಿದುಹೋಗಿದ್ದಳು, ಕೂದಲು ಗಿಡ್ಡ ಮಾಡಿಸಿಕೊಂಡಿದ್ದಳು. ನಕ್ಕಾಗ ಹಲ್ಲಿನ ಸಂದು ಮಾತ್ರ ಹಾಗೇ ಇತ್ತು.

"ಆಂಟಿ, ಈಗ ಕಳಿಸಿದಿರಲ್ಲ, ಅದರಲ್ಲಿ ನೀವು ತಿರುಗಿಸಲೇ ಇಲ್ಲ. ರೊಟ್ಟಿ ಹರಿಯಿತಾ?"

ಸಿದ್ದೇಶ್ವರಿ ಕಲ್ಲಿನ ಮೇಲಿನ ಹರಿದ ಹಿಟ್ಟನ್ನು ನೋಡಿದಳು.

"ಹೌದವ್ವ, ಹರೀತು," ಅಂದಳು, ಕನ್ನಡದಲ್ಲೇ. ಥೀರಿಗೆ ತಿಳಿಯಿತು.

ಹರಿದದ್ದನ್ನು ಕೂಡಿಸಿ, ಒಂದಿಷ್ಟು ಬಿಸಿನೀರು ಚಿಮುಕಿಸಿ ಮತ್ತೆ ನಾದಿದಳು. ಮುಟಿಗೆ ಕಟ್ಟಿದಳು. ಕಲ್ಲಿನ ಮೇಲೆ ಒಣಹಿಟ್ಟು ಉದುರಿಸಿದಳು. ಪ್ರತಿಭಾ ಹೇಳಿಸಿಕೊಳ್ಳದೆಯೇ ಒಲೆ ಹಚ್ಚಿ ಹಂಚಿಟ್ಟಳು. ಸಂದಾ ಫೋನನ್ನು ಕಲ್ಲಿನ ಹತ್ತಿರ, ತೀರ ಹತ್ತಿರ ಹಿಡಿದಳು.

ಈ ಸಲ ಸಿದ್ದೇಶ್ವರಿ ಅವಸರ ಮಾಡಲಿಲ್ಲ. ಎರಡು ಗಟ್ಟಿ, ಒಂದು ಹಗುರ. ತಿರುಗಿಸುವಾಗ ಒಂದು ಕ್ಷಣ ನಿಂತಳು. ಆ ನಿಶ್ಶಬ್ದದೊಳಗೆ ಥಾಯ್ಲೆಂಡಿನ ಆ ಊರಿನಿಂದ ಸೌಟೊಂದು ಮುಚ್ಚಳದ ಮೇಲೆ ಬಿದ್ದು ಅವಳನ್ನು ಕೂಡಿಕೊಂಡಿತು.